ಎರಡನೇ ಗೇರು

ಕಾರು ಹೊರಟಿತು. ಹೆಂಡತಿ ಮಾತ್ರ ರಸ್ತೆಯಲ್ಲೇ ಉಳಿದಳು.

ಹಳೆಯ ಕಾರುಗಳ ಮೆರವಣಿಗೆಗೆಂದು ಇಬ್ಬರೂ ಸಿದ್ಧರಾಗಿದ್ದರು. ಹೊಸ ಬ್ಯಾಟರಿ ಹಾಕಿಸಿದ್ದೇನೆ, ಈ ಸಲ ನೀನು ಮಹಾರಾಣಿಯ ಹಾಗೆ ಮುಂದೆ ಕೂತರೆ ಸಾಕು ಎಂದು ಮೇಷ್ಟ್ರು ವಾರದಿಂದ ಹೇಳುತ್ತಿದ್ದರು. ಅವಳೂ ನಂಬಿ, ಹೊಸ ಚಪ್ಪಲಿ ಮೆಟ್ಟಿ ಕೂತಿದ್ದಳು. ಕೀಲಿ ತಿರುಗಿಸಿದರೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಭ್ಯಾಸಬಲದಿಂದ ಅವಳ ಕೈ ಬಾಗಿಲು ತೆರೆದಾಗಿತ್ತು. ಹಿಂದೆ ಹೋಗಿ, ಬೆನ್ನು ಬಗ್ಗಿಸಿ ತಳ್ಳಿ, ವೇಗ ಸಾಕೆನಿಸಿದಾಗ ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದಳು. ಅವರು ಕ್ಲಚ್ ಬಿಟ್ಟರು, ಇಂಜಿನ್ ಹತ್ತಿಕೊಂಡಿತು. ಇನ್ನು ಓಡಿಬಂದು ಹತ್ತಿಕೊಳ್ಳುವುದು ಅವಳ ಪಾಡು. ನಿಂತರೆ ಇಂಜಿನ್ ಆರಿಹೋಗುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಜ್ಞಾನ.

ಮದುವೆಯಾಗಿ ಬಂದ ಹೊಸದರಲ್ಲೇ ಮಾವ ಅವಳಿಗೆ ಈ ವಿದ್ಯೆ ಕಲಿಸಿದ್ದರು. ಕಾರು ಕೊಂಡವರು ಅವರೇ. ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಿದ್ದು, ಮಗಳನ್ನು ಪರೀಕ್ಷೆಗೆ ಮುಟ್ಟಿಸಿದ್ದು, ಎಲ್ಲವೂ ಹೀಗೇ. ಈ ಕಾರು ನಮ್ಮನ್ನು ಒಂದು ದಿನವೂ ಕೈಬಿಟ್ಟಿಲ್ಲ ಎಂದು ಮೇಷ್ಟ್ರು ನೆಂಟರೆದುರು ಹೇಳಿದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಇವತ್ತು ಮಂಡಿ ಒಪ್ಪಲಿಲ್ಲ. ಕಾರು ಬೀದಿ ಸುತ್ತಿಕೊಂಡು ಬಂದು ಅವಳ ಪಕ್ಕ ನಿಧಾನವಾಯಿತು.

"ಹತ್ತೇ ಬೇಗ, ಹೊತ್ತಾಯ್ತು."

"ನಿಲ್ಸಿ, ಹತ್ತುತೀನಿ."

"ನಿಲ್ಸಿದ್ರೆ ಆರಿಹೋಗತ್ತೆ ಕಣೇ."

"ಆರ್ಲಿ."

ಇನ್ನೊಂದು ಸುತ್ತು. ಮತ್ತೆ ಅದೇ ಮಾತು. ಗೇಟಿನ ಬಳಿ ನಿಂತಿದ್ದ ಮಗಳು ತಲೆ ಚಚ್ಚಿಕೊಂಡಳು. "ಅಪ್ಪಾ, ಅಮ್ಮಂದು ಓಡ್ತಾ ಬಸ್ಸು ಹತ್ತೋ ವಯಸ್ಸಾ?"

ಮುಂದಿನ ಸುತ್ತಿಗೆ ಮೇಷ್ಟ್ರು ಗೊಣಗುತ್ತಲೇ ನಿಲ್ಲಿಸಿದರು. ಹೇಳಿದ ಹಾಗೇ ಇಂಜಿನ್ ಆರಿತು. ನೋಡಿದೆಯಾ ಎನ್ನುವಂತೆ ಅವಳ ಕಡೆ ತಿರುಗಿದರು. ಅವಳು ತನ್ನ ಬಾಗಿಲಿಗೆ ಹೋಗದೆ ಅವರ ಬಾಗಿಲಿಗೆ ಬಂದು ನಿಂತಿದ್ದಳು.

"ಇಳೀರಿ. ಈ ಸಲ ನೀವು ತಳ್ಳಿ."

"ಇದು ನಿನ್ನ ಕೈಗೆ ಬಗ್ಗೋ ಗಾಡಿ ಅಲ್ಲ."

"ಮಗಳ ಕಾರು ದಿನಾ ಓಡಿಸ್ತೀನಲ್ಲ. ಅದು ತಳ್ಳಿಸ್ಕೊಳ್ಳಲ್ಲ, ಅಷ್ಟೇ."

ಮೇಷ್ಟ್ರು ಇಳಿದು ಹಿಂದಕ್ಕೆ ಹೋದರು. ಅವಳು ಸ್ಟೀರಿಂಗ್ ಮುಂದೆ ಕೂತು, ಕ್ಲಚ್ ಒತ್ತಿ, ಎರಡನೇ ಗೇರು ಹಾಕಿ, ಕನ್ನಡಿ ಸರಿಮಾಡಿಕೊಳ್ಳಲು ಕೈಯೆತ್ತಿದಳು. ಸರಿಮಾಡುವಂಥದ್ದೇನೂ ಇರಲಿಲ್ಲ. ಅದರಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಡಿಕ್ಕಿಯ ಮೇಲೆ ಊರಿದ ಎರಡು ಕೈ, ಅವುಗಳ ನಡುವೆ ಒಂದು ಮುಖ, ಅಷ್ಟೇ ಕಾಣುವ ಹಾಗೆ ಯಾರೋ ಅದನ್ನು ಎಂದೋ ತಿರುಗಿಸಿಟ್ಟಿದ್ದರು. ಕಾರು ಅಲುಗಿತು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬಾಯಿ ಉಸಿರಿಗಾಗಿ ತೆರೆಯಿತು. ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದ ಸದ್ದು. ಅವಳು ಕ್ಲಚ್ ಬಿಡಲಿಲ್ಲ. ಮತ್ತೆ ತಟ್ಟಿದರು.

ಅವಳು ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿದಳು.

"ರೀ, ಇಷ್ಟು ವರ್ಷ ನಿಮಗೆ ಇದು ಕಾಣ್ತಾ ಇತ್ತಾ?"