ಹಾಲಿನ ಚೊಂಬು

“ಲಂಡನ್ನಿಂದ ಬೆಂಗ್ಳೂರ್ಗೆ ಎಂಟು ಸಾವ್ರ ಕಿಲೋಮೀಟ್ರು, ಇಮಾನದಲ್ಲಿ ಹತ್ತೇ ಗಂಟೆ ಅಂತ ಫೋನೇ ಏಳ್ತದೆ. ನೀನು ಈಗ ಬತ್ತಿದ್ದೀಯ! ಅವ್ವನ್ನ ಎಷ್ಟೊತ್ತು ಮಡಿಕೊಂಡು ಕೂತಿರನ? ಮಣ್ಣು ಮಾಡ್ಬುಟ್ಟೊ.”

ಹನಕೆರೆಯ ಮನೆ ಮುಂದೆ ಟ್ಯಾಕ್ಸಿ ಇಳಿದ ಪ್ರಮೀಳಳ ಮೇಲೆ ತಮ್ಮ ಚಲುವರಾಜು ಎಗರಾಡಿದ. ಜಗಲಿಯಲ್ಲಿದ್ದ ನೆಂಟರು ಹೌದೆಂದು ತಲೆಯಾಡಿಸಿದರು. “ಅವ್ವ ಈಗ್ತಾನೆ ಓಗ್ಬುಟ್ಲು, ಬಾ” ಎಂದು ಅವನು ನಿನ್ನೆ ಬೆಳಿಗ್ಗೆ ಫೋನ್ ಮಾಡಿದ್ದ. ಅವಳು ಲಂಡನ್ನಿನ ಆಸ್ಪತ್ರೆಯ ನರ್ಸ್ ಡ್ಯೂಟಿಯನ್ನು ಅರ್ಧಕ್ಕೇ ಬಿಟ್ಟು, ಅವ್ವನಿಗೆ ಒಂದು ಹಿಡಿ ಮಣ್ಣು ಹಾಕಲೆಂದು ಸಿಕ್ಕ ಮೊದಲ ವಿಮಾನ ಹತ್ತಿ ಬಂದಿದ್ದಳು. ತನ್ನದೇ ತಪ್ಪೇನೋ ಎಂದು ತಲೆ ತಗ್ಗಿಸಿದಳು.

ಆಗ ತಮ್ಮನ ಹೆಂಡತಿ ರೂಪಳ ಕೈಯಲ್ಲಿದ್ದ ಹಾಲಿನ ಚೊಂಬು ಕಣ್ಣಿಗೆ ಬಿತ್ತು.

“ಇದ್ಯಾಕೆ ರೂಪ?”

“ಅತ್ತೇನ ಮಣ್ಣು ಮಾಡಿದ ಗುಡ್ಡೆಗೆ ಆಲು-ತುಪ್ಪ ಬುಡಕೆ ಕಣಕ್ಕ. ಅವ್ರು ಓಗಿ ಇವತ್ತಿಗೆ ಮೂರ್ನೇ ದಿನ ಅಲ್ವಾ…” ಎಂದವಳು ನಾಲಿಗೆ ಕಚ್ಚಿಕೊಂಡಳು.

ಪ್ರಮೀಳ ಆ ಚೊಂಬನ್ನು ಕಿತ್ತುಕೊಂಡು ತಮ್ಮನ ಮುಖದೆದುರು ಹಿಡಿದಳು. ಹಿಡಿದ ರಭಸಕ್ಕೆ ಹಾಲು ಅವನ ಕಾಲ ಮೇಲೆ ಚೆಲ್ಲಿತು.

“ಲಂಡನ್ನಿಂದ ಹತ್ತೇ ಗಂಟೆ, ಸರಿ ಕಣ್ಲಾ. ಅವ್ವನ ಮಂಚದಿಂದ ನಿನ್ನ ಜೇಬ್ನಲ್ಲಿರೋ ಫೋನ್ಗೆ ಒಂದು ದಿನದ ದಾರಿ ಏನ್ಲಾ?”