ಮೀನಿನ ಮೈಮೇಲಿನ ಹೆಸರು

"ಮಾನ್ಯರೇ, ಅತ್ಯಂತ ಗಂಭೀರವಾದ ಒಂದು ಪ್ರಕಟಣೆ! ಬಹುಮಾನ ಕೊಟ್ಟು ಮುಗಿಯೋವರೆಗೂ ಜಾಮೂನು ಬಡಿಸೋದಿಲ್ಲ. ಆದ್ದರಿಂದ ದಯವಿಟ್ಟು ಯಾರೂ ಎದ್ದು ಹೋಗಬಾರದು!" ವೇದಿಕೆಯಿಂದ ನಿರೂಪಕ ಸಾರಿದ.

ಚಿತ್ರಶಾಲೆಯೊಂದಕ್ಕೆ ಚಂದಾ ಎತ್ತಲು ಏರ್ಪಡಿಸಿದ್ದ ಡಿಸೈನರುಗಳ ಪ್ರಶಸ್ತಿ ಸಮಾರಂಭದಲ್ಲಿ ಶರ್ವಾಣಿ, ಬಾಸಿಗೂ ಬಾಸಿನ ಹೆಂಡತಿಗೂ ನಡುವೆ ಮಿಸುಕಾಡಲಾಗದೆ ಕೂತಿದ್ದಳು. ಅವಳು ಮಾಡಿದ 'ಕೆರೆ ಉಳಿಸಿ' ಪೋಸ್ಟರನ್ನು ಬಾಸ್ ತನ್ನದೆಂದು ಸ್ಪರ್ಧೆಗೆ ಕಳಿಸಿದ್ದ.

"ಜೋರಾಗಿ ಚಪ್ಪಾಳೆ ಹೊಡೀಬೇಕಮ್ಮ. ಕೆಲಸ ಬೇಕು ತಾನೆ?"

"ಹೊಡೀತೀನಿ ಸರ್," ಎಂದಳು, ತೀರಾ ಸಾಧುವಾಗಿ.

ಪೋಸ್ಟರಿನ ಮೀನಿನ ಹುರುಪೆಗಳ ನಡುವೆ ಅವಳು ತನ್ನ ಹೆಸರನ್ನು ಸಣ್ಣದಾಗಿ ಹುದುಗಿಸಿಟ್ಟಿದ್ದಳು. ವೇದಿಕೆಯ ಪರದೆಯ ಮೇಲೆ ಅದು ದೊಡ್ಡದಾದ ಕ್ಷಣವೇ ಬಾಸಿನ ಬಣ್ಣ ಬಯಲು ಎಂಬುದು ಅವಳ ಲೆಕ್ಕ.

ಮೊದಲ ಬಹುಮಾನದ ಘೋಷಣೆಯಾಯಿತು. ಬಾಸ್ ಕೋಟು ಸರಿಮಾಡಿಕೊಂಡು ಎದ್ದ. ಮೀನು ಪರದೆ ತುಂಬಿತು.

"ಅಲ್ನೋಡ್ರೀ, ಮೀನಿನ ಮೇಲೆ 'ಶರ್ವಾಣಿ' ಅಂತಿದೆ!" ಹಿಂದಿನಿಂದ ಯಾರೋ ಕೂಗಿದರು.

ಬಾಸ್ ನಿಂತಲ್ಲೇ ಬೆವತ. ತೀರ್ಪುಗಾರರು ಕನ್ನಡಕ ಏರಿಸಿ ನೋಡಿದರು, ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಕೊನೆಗೆ ಹಿರಿಯರೊಬ್ಬರು ಮೈಕು ಹಿಡಿದರು.

"ಗಾಬರಿಯಾಗಬೇಡಿ. ಚಿತ್ರದ ಮೇಲೆ ಸ್ಪರ್ಧಿಯ ಹೆಸರು ಇರಬಾರದು ಅನ್ನೋದು ನಿಯಮ. ಇದು ಸ್ಪರ್ಧಿಯ ಹೆಸರೇ ಅಲ್ಲವಲ್ಲ! ಬನ್ನಿ ಸರ್, ಬಹುಮಾನ ನಿಮ್ಮದೇ."