ಹೊಲಿಗೆಗೆ ಬಿಟ್ಟ ಅರ್ಧ ಇಂಚು

“ಗಂಧೆಯ ಅಂಚಿಗೆ ಪೆನ್ನಲ್ಲಿ ಗೆರೆ ಎಳೆಸಿಕೊಂಡು ನಾಳೆ ಬನ್ನಿ,” ಎಂದರು ಚರ್ಮದ ಡಾಕ್ಟರಮ್ಮ. “ಬರೀ ಅಲರ್ಜಿಯಾದ್ರೆ ಅಷ್ಟರಲ್ಲಿ ಇಳಿದಿರುತ್ತೆ. ಇಳೀದಿದ್ರೆ ರಕ್ತನಾಳದ ಉರಿಯೂತ ಇರಬಹುದು. ಬೆನ್ನಿಗೆ ನಿಮ್ಮ ಕೈ ಎಟುಕಲ್ಲ, ಮನೆಯವರಿಗೆ ಹೇಳಿ.”

ಮನೆಯವರಿಗೆ! ಬೆನ್ನ ಮೇಲೆ ಕೆಂಪಗೆ ಎದ್ದ ಗಂಧೆ ತೋರಿಸಲು ಬಂದಿದ್ದ ಆಕೆಗೆ ನಗು ಬಂತು, ಹಿಂದೆಯೇ ಅಳುವೂ. ಎರಡು ವರ್ಷದ ಹಿಂದೆ ಮೊದಲ ಸಲ ಗಂಧೆ ಎದ್ದಾಗ, ಬೆನ್ನು ಸವರಲು ಬಂದ ಗಂಡನಿಗೆ “ಅಯ್ಯೋ, ಮುಟ್ಟಬೇಡಿ!” ಎಂದು ಚೀರಿದ್ದಳು. ಪುಣ್ಯಾತ್ಮ ಅದನ್ನೇ ಮನಸ್ಸಲ್ಲಿ ಗಂಟು ಹಾಕಿಕೊಂಡ. ಊರವರ ಭುಜ, ಬೆನ್ನು, ಸೊಂಟವನ್ನೆಲ್ಲ ಅಳೆಯುವ ದರ್ಜಿ, ಹೆಂಡತಿಗೆ ನೀರಿನ ಲೋಟ ಕೊಡುವಾಗಲೂ ಬೆರಳು ತಾಗಿಸುತ್ತಿರಲಿಲ್ಲ. ತನ್ನ ಮೈ ಕಂಡರೆ ಆತನಿಗೆ ಹೇಸಿಗೆಯಿರಬೇಕೆಂದು ಆಕೆ ಕೊರಗಿದಳು. ಆ ಕೈಗಾಗಿ ಹಂಬಲಿಸಿದಳು. ಬಾಯಿಬಿಟ್ಟು ಕೇಳಲು ನಾಚಿಕೆ.

ಅಂದು ಸಂಜೆ ಡಾಕ್ಟರಮ್ಮನ ಮಾತನ್ನು ಗಂಡನಿಗೆ ಹೇಳಿ, ಅಂಗಡಿಯ ಪರದೆ ಎಳೆದು, ಹೊಲಿಗೆ ಯಂತ್ರದ ಪಕ್ಕ ಬೆನ್ನು ಮಾಡಿ ಕೂತಳು. ತಣ್ಣನೆಯ ಪೆನ್ನಿನ ತುದಿ ಸುತ್ತು ಬಂತು. ಬೆರಳು ಬರಲಿಲ್ಲ.

“ಉರೀತಾ?”

“ಇಲ್ಲ ರೀ.”

ಆತ ಪೆನ್ನಿಗೆ ಮುಚ್ಚಳ ಹಾಕಿದ.

ಮರುದಿನ ಡಾಕ್ಟರಮ್ಮ ಬೆನ್ನು ನೋಡಿ, “ಗೆರೆಯಿಂದ ಅರ್ಧ ಇಂಚು ಒಳಗೆ ಹೋಗಿದೆ. ಇಳೀತಿದೆ, ಅಲರ್ಜೀನೇ. ಹಳೇ ಮಾತ್ರೇನೇ ಸಾಕು,” ಎಂದರು.

ಬಾಗಿಲ ಬಳಿ ನಿಂತಿದ್ದ ದರ್ಜಿ ಗಂಟಲು ಸರಿಮಾಡಿಕೊಂಡ. “ಇಳಿದಿಲ್ಲ ಡಾಕ್ಟ್ರೇ. ನಾನೇ ಅಂಚಿಂದಾಚೆ ಅರ್ಧ ಇಂಚು ಬಿಟ್ಟು ಎಳೆದೆ. ಬಟ್ಟೆ ಕತ್ತರಿಸುವಾಗ ಹೊಲಿಗೆಗೆ ಬಿಟ್ಟು ಬಿಟ್ಟು ಕೈಗೆ ಅದೇ ರೂಢಿ. ಅಲ್ದೆ... ಇವಳಿಗೆ ಉರೀಬಾರ್ದಲ್ಲ.”

“ಒಳ್ಳೇ ಆಸಾಮಿ! ಇದೇನು ರವಿಕೆ ಬಟ್ಟೇನಾ?” ಡಾಕ್ಟರಮ್ಮ ನಗುತ್ತಲೇ ಗಾಜಿನ ಪಟ್ಟಿ ಒತ್ತಿ ನೋಡಿದರು. ಬರೀ ಅಲರ್ಜಿಯಾಗಿದ್ದರೆ ಮಾಸಬೇಕಿದ್ದ ಕೆಂಪು ಮಾಸಲಿಲ್ಲ. ನಗು ನಿಂತಿತು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದಲ್ಲಿ ರೋಗ ಖಚಿತವಾಯಿತು: ರಕ್ತನಾಳದ ಉರಿಯೂತವೇ. ಆಕೆಯ ಕಿವಿಯಲ್ಲಿ ಉಳಿದದ್ದು ಮಾತ್ರ ಗಂಡನ ‘ಉರೀಬಾರ್ದಲ್ಲ’ ಎಂಬ ಮಾತು. ಹೇಸಿಗೆಯಲ್ಲ, ಹೆದರಿಕೆ!

ಹೊಸ ಮಾತ್ರೆಗೆ ಎರಡು ತಿಂಗಳಲ್ಲಿ ಬೆನ್ನು ತಿಳಿಯಾಯಿತು. ಅಲ್ಲಿಯವರೆಗೆ ಎದ್ದ ಗಂಧೆಗಳಿಗೆಲ್ಲ ಆತ ಸರಿಯಾಗಿ ಅಂಚಿಗೇ ಗೆರೆ ಎಳೆದ, ಪೆನ್ನಷ್ಟೇ ತಾಗುವಂತೆ. ಈಗ ಆ ಕೆಲಸವೂ ಮುಗಿದಿತ್ತು.

ಒಂದು ಸಂಜೆ ಆಕೆಯೇ ಪರದೆ ಎಳೆದು, ಪೆನ್ನನ್ನು ಆತನ ಕೈಗೆ ಕೊಟ್ಟು, ಬೆನ್ನು ಮಾಡಿ ಕೂತಳು. ಆತ ಕನ್ನಡಕ ಏರಿಸಿಕೊಂಡು ಹುಡುಕಿದ.

“ಎಲ್ಲೇ? ಏನೂ ಕಾಣ್ತಿಲ್ವಲ್ಲ.”

“ಕಣ್ಣಿಗೆ ಕಾಣಲ್ಲ ರೀ. ಪೆನ್ನು ಆಚೆ ಇಟ್ಟು ಕೈಯಲ್ಲಿ ಹುಡುಕಿ,” ಎಂದಳು. “ಅರ್ಧ ಇಂಚೂ ಬಿಡಬೇಡಿ.”